ಮಗುವಿನ ಲೆಕ್ಕಕ್ಕೆ ಬೇರೆ ಹಾಳೆ

2024ರ ಮಾರ್ಚ್. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಎರಡನೇ ಸಲ ಮಧ್ಯಸ್ಥಿಕೆಗೆ ಕೂತಿದ್ದೆವು. ನನ್ನ ಚಿಕ್ಕಮ್ಮನ ಮಗಳು ತನ್ನ ಬೇಡಿಕೆಯನ್ನು ಒಂದೇ ಮಾತಿನಲ್ಲಿ ಹೇಳಿದಳು. 60 ಲಕ್ಷ ರೂಪಾಯಿ ಕೊಟ್ಟುಬಿಡಲಿ, ಫ್ಲ್ಯಾಟು, ಜೀವನಾಂಶ, ಮಗು ಎಲ್ಲ ಅದರಲ್ಲೇ ಬಂತು, ಮತ್ತೆ ಏನೂ ಕೇಳಲ್ಲ. ಆ 60 ಲಕ್ಷದ ಲೆಕ್ಕ ಹೇಳಿಕೊಟ್ಟವಳು ನಾನು. ಮೀಡಿಯೇಟರ್ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು: “ಸರಿ ಅಮ್ಮಾ, ಇದರಲ್ಲಿ ಮಗೂದು ಎಷ್ಟು?”

ಅವಳು ನನ್ನ ಮುಖ ನೋಡಿದಳು. ಆಡಿಟರ್ ಆಫೀಸಿನಲ್ಲಿ ಹದಿನೈದು ವರ್ಷ ಲೆಕ್ಕ ಬರೆದವಳು ನಾನು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಎದುರಿಗೆ ಕೂತಿದ್ದ ಅವಳ ಗಂಡನ ಹತ್ತಿರವೂ ಇರಲಿಲ್ಲ.

ಆ ಪ್ರಶ್ನೆಯಿಂದ ಇಡೀ ಮಾತುಕತೆಯ ದಿಕ್ಕು ಬದಲಾಯಿತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ, ನಡೆದದ್ದನ್ನು ಬರೆಯುತ್ತಿದ್ದೇನೆ. ಜಗಳ ಯಾಕೆ ಬಂತು, ತಪ್ಪು ಯಾರದು ಅನ್ನುವುದು ಇಲ್ಲಿ ಬರುವುದಿಲ್ಲ. ಅದು ಅವರಿಬ್ಬರದು.

ಮದುವೆ ಆಗಿದ್ದು 2012ರಲ್ಲಿ. ಮಗಳು ಹುಟ್ಟಿದ್ದು 2015ರಲ್ಲಿ. ಮರುವರ್ಷ ಕೆಂಗೇರಿ ಕಡೆ ಇಬ್ಬರ ಹೆಸರಿನಲ್ಲೂ ಒಂದು ಫ್ಲ್ಯಾಟ್ ಕೊಂಡರು. 2023ರ ಜನವರಿಯಿಂದ ಬೇರೆ ಬೇರೆ ಇದ್ದರು. ಅವಳು ಖಾಸಗಿ ಶಾಲೆಯೊಂದರಲ್ಲಿ ಟೀಚರ್, ಕೈಗೆ ಬರುವ ಸಂಬಳ 42 ಸಾವಿರ. ಅವರು ಒಂದು ಕಂಪನಿಯಲ್ಲಿ ಮ್ಯಾನೇಜರ್. ಅವರ ಸಂಬಳ ಎಷ್ಟು ಅನ್ನುವುದೇ ಮೊದಲ ಗಂಟು.

ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಒಂದು ನಿಯಮ ಮಾಡಿತು. ಜೀವನಾಂಶದ ಪ್ರಶ್ನೆ ಬಂದಾಗ ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಅದಕ್ಕೂ ಮುಂಚೆ ಒಬ್ಬರು ಜಾಸ್ತಿ ಹೇಳುವುದು, ಇನ್ನೊಬ್ಬರು ಕಮ್ಮಿ ಹೇಳುವುದು, ನಡುವೆ ಎಲ್ಲೋ ಒಂದು ಕಡೆ ನಿಲ್ಲುವುದು, ಹೀಗೇ ನಡೆಯುತ್ತಿತ್ತು. ಅವರ ಪ್ರಮಾಣಪತ್ರದಲ್ಲಿ ಕೈಗೆ ಬರುವ ಸಂಬಳ 94 ಸಾವಿರ ಅಂತ ಇತ್ತು. ಸುಳ್ಳೇನಲ್ಲ, ಬ್ಯಾಂಕಿಗೆ ಬೀಳುತ್ತಿದ್ದದ್ದು ಅಷ್ಟೇ. ಆದರೆ ಪೇ ಸ್ಲಿಪ್ಪಿನ ಬಲಗಡೆ ನೋಡಿ ಅಂತ ನಾನು ತಂಗಿಯ ವಕೀಲರಿಗೆ ಹೇಳಿದೆ. ಕಡ್ಡಾಯ ಪಿಎಫ್ ಬಿಟ್ಟು, ತಾವಾಗಿಯೇ ಕಟ್ಟುವ ಹೆಚ್ಚುವರಿ ಪಿಎಫ್ 22 ಸಾವಿರ. ನೌಕರರ ಸೊಸೈಟಿಯ ಉಳಿತಾಯ 10 ಸಾವಿರ. ಇವೆರಡೂ ಸರ್ಕಾರ ಹಿಡಿಯುವ ದುಡ್ಡಲ್ಲ, ಅವರೇ ಇಷ್ಟಪಟ್ಟು ಉಳಿಸುವ ದುಡ್ಡು. ತೆರಿಗೆಯಂಥ ಕಡ್ಡಾಯ ಕಡಿತವನ್ನು ಮಾತ್ರ ಬಿಟ್ಟು ಲೆಕ್ಕ ಹಿಡಿದರೆ ಆದಾಯ 1 ಲಕ್ಷದ 26 ಸಾವಿರ. ಅವರು ವಾದ ಮಾಡಲಿಲ್ಲ. ಒಪ್ಪಿಕೊಂಡರು. ಆ ದಿನ ಅವರ ಮೇಲೆ ನನಗೆ ಮೊದಲ ಸಲ ಗೌರವ ಬಂತು, ಅದನ್ನೂ ಹೇಳಬೇಕು.

42 ಸಾವಿರ, 1 ಲಕ್ಷದ 26 ಸಾವಿರ. ಅಂದರೆ ಒಂದಕ್ಕೆ ಮೂರು. ಈ ಅನುಪಾತ ಮುಂದೆ ತುಂಬಾ ಕೆಲಸಕ್ಕೆ ಬಂತು.

ಮೊದಲ ಹಾಳೆ

“ಮಗೂದು ಎಷ್ಟು” ಅನ್ನುವುದಕ್ಕೆ ಉತ್ತರ ಹುಡುಕಲು ಆ ಭಾನುವಾರ ಚಿಕ್ಕಮ್ಮನ ಮನೆಯ ಊಟದ ಮೇಜಿನ ಮೇಲೆ ಒಂದು ಹಾಳೆ ಹಾಕಿಕೊಂಡು ಕೂತೆವು. ಶಾಲೆ ಫೀ ವರ್ಷಕ್ಕೆ 1 ಲಕ್ಷದ 44 ಸಾವಿರ, ತಿಂಗಳಿಗೆ 12 ಸಾವಿರ. ಸ್ಕೂಲ್ ಬಸ್ 2,200. ಪುಸ್ತಕ, ಯೂನಿಫಾರ್ಮ್, ಶೂ ಎಲ್ಲ ಹಂಚಿದರೆ 1,300. ಭರತನಾಟ್ಯದ ಕ್ಲಾಸು 1,500. ಊಟ, ಹಾಲು, ಹಣ್ಣು 6,000. ಬಟ್ಟೆ 1,500. ಡಾಕ್ಟರು, ಔಷಧಿ 1,500. ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ನೋಡಿಕೊಳ್ಳುವ ಪಕ್ಕದ ಬೀದಿಯ ಆಂಟಿಗೆ 4,000. ಕರೆಂಟು, ಇಂಟರ್ನೆಟ್, ಅದು ಇದು ಅಂತ ಮಗುವಿನ ಪಾಲು 2,000. ಒಟ್ಟು 32 ಸಾವಿರ.

ಬರೆಯುವಾಗ ತಂಗಿ ಎರಡು ಸಲ ತಡೆದಳು. “ಅಕ್ಕಾ, ಆಂಟಿದು ಬಿಡು, ಅದು ನನ್ನ ಕೆಲಸಕ್ಕೋಸ್ಕರ ಅಲ್ವಾ?” ಅಂದಳು. ಅಲ್ಲ. ಅಮ್ಮ ಕೆಲಸಕ್ಕೆ ಹೋದಾಗ ಮಗು ನೋಡಿಕೊಳ್ಳಲು ಆಗುವ ಖರ್ಚು ಮಗುವಿನದೇ ಖರ್ಚು. ಹೆಂಗಸರು ಇದನ್ನು ಸುಮ್ನೆ ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಾರೆ, ಲೆಕ್ಕಕ್ಕೆ ಬರೆಯುವುದೇ ಇಲ್ಲ. ಇನ್ನೊಂದು ಕಡೆ ನಾನೇ ಅವಳನ್ನು ತಡೆದೆ. ಮುಂದೆ ಕೀಬೋರ್ಡ್ ಕಲಿಸಬೇಕು, ಈಜು ಕಲಿಸಬೇಕು ಅಂತ ಇನ್ನೂ 6 ಸಾವಿರ ಸೇರಿಸಲು ಹೊರಟಿದ್ದಳು. ಇವತ್ತು ಆಗುತ್ತಿರುವ ಖರ್ಚು, ರಸೀದಿ ಇರುವ ಖರ್ಚು ಮಾತ್ರ ಬರೆಯೋಣ ಅಂದೆ. ಹಾಳೆಯಲ್ಲಿ ಒಂದು ಸಾಲು ಉತ್ಪ್ರೇಕ್ಷೆ ಅನ್ನಿಸಿದರೂ ಎದುರಿಗಿರುವವರು ಎಲ್ಲ ಸಾಲನ್ನೂ ಅನುಮಾನಿಸುತ್ತಾರೆ.

ಮುಂದಿನ ಸಿಟ್ಟಿಂಗ್‌ನಲ್ಲಿ ಆ ಹಾಳೆಯನ್ನು ಮೇಜಿನ ಮೇಲಿಟ್ಟಾಗ ಕೋಣೆಯ ಬಿಸಿ ಇಳಿಯಿತು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. “ಡ್ಯಾನ್ಸ್ ಕ್ಲಾಸ್ ಬಿಟ್ಟಿಲ್ವಾ ಇನ್ನೂ?” ಅಂತ ಕೇಳಿದರು. “ಬಿಟ್ಟಿಲ್ಲ, ಮುಂದಿನ ವರ್ಷ ಜೂನಿಯರ್ ಪರೀಕ್ಷೆ” ಅಂದಳು ಇವಳು. ವರ್ಷದ ಮೇಲೆ ಅವರಿಬ್ಬರೂ ವಕೀಲರಿಲ್ಲದೆ ನೇರವಾಗಿ ಆಡಿದ ಮಾತು ಅದು.

ಅಲ್ಲಿಯವರೆಗೆ ಅವರು ತಿಂಗಳಿಗೆ 10 ಸಾವಿರ ಅಂತ ಹೇಳುತ್ತಿದ್ದರು, ನಾವು 40 ಅನ್ನುತ್ತಿದ್ದೆವು. ಎರಡಕ್ಕೂ ಆಧಾರ ಇರಲಿಲ್ಲ. ಈಗ ಮೀಡಿಯೇಟರ್ ಮೇಡಂ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪಿನ ಮಾತು ತೆಗೆದರು. 2000ರ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರು. ಮಕ್ಕಳ ಖರ್ಚನ್ನು ಇಬ್ಬರೂ ತಮ್ಮ ಸಂಬಳದ ಅನುಪಾತದಲ್ಲಿ ಹೊರಬೇಕು ಅಂತ ಕೋರ್ಟ್ ಹೇಳಿತು, ಅಲ್ಲಿ ಎರಡಕ್ಕೆ ಒಂದು ಬಂತು. ಇಲ್ಲಿ ಮೂರಕ್ಕೆ ಒಂದು. 32 ಸಾವಿರದಲ್ಲಿ ಅಪ್ಪನದು 24, ಅಮ್ಮನದು 8. ಅಮ್ಮ ಕೊಡುವ ಸಮಯಕ್ಕೆ, ಶ್ರಮಕ್ಕೆ ಇಲ್ಲಿ ಬೆಲೆ ಕಟ್ಟಿಲ್ಲ ಅನ್ನುವ ಬೇಸರ ನನಗೆ ಇವತ್ತಿಗೂ ಇದೆ. ಆದರೂ ಎರಡೂ ಕಡೆಯವರು ತಲೆ ಆಡಿಸಿದ ಮೊದಲ ಸಂಖ್ಯೆ ಅದೇ.

ಕೊಡುವ ರೀತಿ ಹೀಗೆ ನಿಂತಿತು. ಶಾಲೆ ಫೀ ಮತ್ತು ಬಸ್ಸಿನ ದುಡ್ಡು ಅವರೇ ನೇರವಾಗಿ ಶಾಲೆಗೆ ಕಟ್ಟಬೇಕು. ಅದು 14,200. ಉಳಿದದ್ದನ್ನು ದುಂಡಗೆ 10 ಸಾವಿರ ಮಾಡಿ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ತಂಗಿಯ ಖಾತೆಗೆ ಹಾಕಬೇಕು. ಸಂಬಳದ ಖಾತೆಯಿಂದಲೇ ತಾನಾಗಿ ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಬೇಕು. ಫೀ ಏರಿದರೆ ಆ ಭಾರ ತಾನಾಗಿಯೇ ಅವರ ಮೇಲೆ ಬರುತ್ತದೆ. ಆದರೆ 10 ಸಾವಿರ? ಆಗ ಮಗುವಿಗೆ ಒಂಬತ್ತು ವರ್ಷ. ಹದಿನೆಂಟಾದಾಗಲೂ 10 ಸಾವಿರವೇ ಬಂದರೆ ಅದರಲ್ಲಿ ಏನು ಬರುತ್ತದೆ? ಪ್ರತಿ ಜೂನ್‌ನಲ್ಲಿ ಶೇಕಡಾ 7 ಏರಿಕೆ ಅಂತ ಬರೆಸಿದೆವು. ಹಾಗೆ ಹೋದರೆ ಒಂಬತ್ತು ವರ್ಷಕ್ಕೆ ಅದು 18 ಸಾವಿರ ದಾಟುತ್ತದೆ. ಈ ಒಂದು ಸಾಲು ಬರೆಸದೆ ಹೋದವರನ್ನು ನಾನು ನೋಡಿದ್ದೇನೆ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಹೆಚ್ಚಿಸಿ ಅಂತ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಮಗುವಿನ ಹಾಳೆಯಲ್ಲಿ ಇನ್ನೆರಡು ವಿಷಯ ಸೇರಿದವು. ಒಂದು, ಸುಕನ್ಯಾ ಸಮೃದ್ಧಿ ಖಾತೆ. 2016ರಲ್ಲಿ ತೆರೆದದ್ದು, ವರ್ಷಕ್ಕೆ 50 ಸಾವಿರದಂತೆ ಕಟ್ಟಿದ್ದರು. ಅವರ ಪ್ರಮಾಣಪತ್ರದಲ್ಲಿ ಅದು ಅವರ ಆಸ್ತಿಯ ಪಟ್ಟಿಯಲ್ಲಿ ಕೂತಿತ್ತು. ಅದು ಮಗಳ ದುಡ್ಡು, ಗಂಡ ಹೆಂಡತಿ ಹಂಚಿಕೊಳ್ಳುವ ಪಾಲಲ್ಲ. ಆ ಪಟ್ಟಿಯಿಂದ ತೆಗೆಸಿದೆವು. ಖಾತೆ ತೆರೆದ ದಿನದಿಂದ 15 ವರ್ಷ ಕಟ್ಟಬೇಕು, 21 ವರ್ಷಕ್ಕೆ ಕೈಗೆ ಬರುತ್ತದೆ. ಹಾಗಾಗಿ 2031ರ ತನಕ ಅವರು ಕಟ್ಟುತ್ತಾ ಹೋಗಬೇಕು, ಅಮ್ಮನ ಒಪ್ಪಿಗೆ ಇಲ್ಲದೆ ಮುಚ್ಚುವಂತಿಲ್ಲ, ಪ್ರತಿ ಏಪ್ರಿಲ್‌ನಲ್ಲಿ ಪಾಸ್‌ಬುಕ್ಕಿನ ಪ್ರತಿ ಕಳಿಸಬೇಕು ಅಂತ ಆಯಿತು.

ಇನ್ನೊಂದು, ಅವರ ಜೀವ ವಿಮೆ. ಒಂದು ಕೋಟಿಯ ಟರ್ಮ್ ಪಾಲಿಸಿಗೆ ಹೆಂಡತಿಯೇ ನಾಮಿನಿ. ವಿಚ್ಛೇದನ ಆದ ಮೇಲೆ ನಾಮಿನಿ ಬದಲಾಗುವುದು ಸಹಜ. ಆದರೆ ತಿಂಗಳ ದುಡ್ಡು ಕೊಡುವ ಮನುಷ್ಯನಿಗೇ ಏನಾದರೂ ಆದರೆ ಮಗುವಿನ ಗತಿ? ಈ ಮಾತನ್ನು ಎತ್ತಲು ನಮಗೆ ಬಾಯಿ ಬರಲಿಲ್ಲ. ಅವರೇ ಎತ್ತಿದರು. ಅರ್ಧ ತಮ್ಮ ತಾಯಿಗೆ, ಅರ್ಧ ಮಗಳಿಗೆ, ಮಗಳಿಗೆ ಹದಿನೆಂಟು ಆಗುವ ತನಕ ಆ ದುಡ್ಡು ಪಡೆಯುವ ಅಧಿಕಾರ ಅವಳ ಅಮ್ಮನಿಗೆ ಅಂತ ಬರೆಸಿಕೊಟ್ಟರು.

ಎರಡನೇ ಹಾಳೆ

ಮಗುವಿನ ಲೆಕ್ಕ ಮುಗಿದ ಮೇಲೆ ಆಸ್ತಿಗೆ ಬಂದೆವು. ಮದುವೆ ಆದ ಮೇಲೆ ಗಳಿಸಿದ್ದೆಲ್ಲ ಅರ್ಧ ಅರ್ಧ ಅಂತ ತುಂಬಾ ಜನ ನಂಬಿದ್ದಾರೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನಿನಿಂದ ಹಾಗೊಂದು ಪದ್ಧತಿ ಇದೆ. ನಮ್ಮಲ್ಲಿ ಇಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಕೂಡ ಮದುವೆಯ ಆಸುಪಾಸಿನಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಮಾತ್ರ ಹೇಳುತ್ತದೆ.

ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿ. ಕೊಂಡಾಗ 58 ಲಕ್ಷ. ಕೈಯಿಂದ ಹಾಕಿದ್ದು 14 ಲಕ್ಷ, ಅದರಲ್ಲಿ 6 ಲಕ್ಷ ನನ್ನ ಚಿಕ್ಕಪ್ಪ ನಿವೃತ್ತಿಯ ದುಡ್ಡಿನಿಂದ ಬ್ಯಾಂಕ್ ಮೂಲಕವೇ ಕೊಟ್ಟಿದ್ದರು. ಉಳಿದ 44 ಲಕ್ಷ ಸಾಲ. 2024ರಲ್ಲಿ ಇನ್ನೂ 34 ಲಕ್ಷ ಬಾಕಿ. ಇಬ್ಬರೂ ಒಪ್ಪಿದ ಬೆಲೆ 92 ಲಕ್ಷ. ಸಾಲ ಕಳೆದರೆ 58 ಲಕ್ಷ.

ಅವರ ವಾದ ಇದು: ಎಂಟು ವರ್ಷ ಇಎಂಐ ಕಟ್ಟಿದ್ದು ನಾನು, ಹಾಗಾಗಿ ಮನೆ ನನ್ನದು. ಇದು ನ್ಯಾಯ ಅಂತ ಮನಸಾರೆ ನಂಬಿದ್ದರು. ತಂಗಿಯ ಎಂಟು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ದಿನಸಿ, ಗ್ಯಾಸ್, ಶಾಲೆ ಫೀ, ಕೆಲಸದವರ ಸಂಬಳ, ಅವರ ಅಪ್ಪನ ಕಣ್ಣಿನ ಆಪರೇಷನ್ನಿನ ಬಿಲ್ಲು. ಅವಳ ಸಂಬಳದ ಬಹುಪಾಲು ಮನೆಗೇ ಹೋಗಿತ್ತು. ಇಎಂಐಗೆ ಒಂದು ದಾಖಲೆ ಇರುತ್ತದೆ, ಅಕ್ಕಿ ಬೇಳೆಗೆ ಯಾರೂ ದಾಖಲೆ ಇಡುವುದಿಲ್ಲ. ಮೀಡಿಯೇಟರ್ ಮೇಡಂ ಆ ಹಾಳೆಗಳನ್ನು ಅವರ ಕಡೆ ತಿರುಗಿಸಿ, “ಈ ಖರ್ಚೆಲ್ಲಾ ನಿಮ್ಮ ತಲೆ ಮೇಲೆ ಬಂದಿದ್ರೆ ಇಎಂಐ ಕಟ್ಟೋಕೆ ಆಗ್ತಿತ್ತಾ?” ಅಂದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆಗ್ತಿರಲಿಲ್ಲ” ಅಂದರು.

ಕಷ್ಟ ಆಗಿದ್ದು ನಮ್ಮ ಕಡೆಯಿಂದ. ಮನೆ ತನಗೇ ಬೇಕು ಅಂತ ತಂಗಿ ಹಟ ಹಿಡಿದಳು. ಮಗಳ ಶಾಲೆ ಹತ್ತಿರ, ಅಕ್ಕಪಕ್ಕದವರು ಗೊತ್ತಿರುವವರು, ಬಾಲ್ಕನಿಯಲ್ಲಿ ಅವಳೇ ಬೆಳೆಸಿದ ಮಲ್ಲಿಗೆ ಬಳ್ಳಿ. ಅರ್ಥ ಆಗುತ್ತದೆ. ಆದರೆ ಬ್ಯಾಂಕಿನ ಕಂತು ತಿಂಗಳಿಗೆ 41 ಸಾವಿರ. ನಾನು ಏನೂ ಹೇಳದೆ ಅವಳ ಮುಂದೆ ಮೂರು ಸಾಲು ಬರೆದಿಟ್ಟೆ. ಸಂಬಳ 42, ಮಗುವಿನ ದುಡ್ಡು 10, ಕಂತು 41. ಅದನ್ನು ನೋಡುತ್ತಾ ಕೂತವಳು ಕೊನೆಗೆ, “ಅಕ್ಕಾ, ಉಳಿದಿದ್ದರಲ್ಲಿ ಅಕ್ಕಿ ತರ್ಲಾ, ಕರೆಂಟ್ ಬಿಲ್ ಕಟ್ಲಾ?” ಅಂದಳು. ಅಷ್ಟೇ. ಮನೆ ಅವರು ಇಟ್ಟುಕೊಳ್ಳಲಿ, ನನ್ನ ಪಾಲು ದುಡ್ಡಾಗಿ ಕೊಡಲಿ ಅಂತ ಒಪ್ಪಿದಳು.

ಪಾಲು 29 ಲಕ್ಷ. ಅಪ್ಪ ಕೊಟ್ಟ 6 ಲಕ್ಷ ಬೇರೆ ಕೇಳುವುದನ್ನು ಇವಳು ಬಿಟ್ಟಳು, ಇಎಂಐ ಲೆಕ್ಕ ಅವರು ಬಿಟ್ಟರು. ಇವಳಿಗೆ ಶಾಶ್ವತ ಜೀವನಾಂಶ ಒಂದೇ ಸಲಕ್ಕೆ 6 ಲಕ್ಷ. ಒಟ್ಟು 35 ಲಕ್ಷ. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಸನದಲ್ಲಿ 2019ರಲ್ಲಿ ಅವರ ಹೆಸರಿನಲ್ಲಿ ಕೊಂಡ ಒಂದು 30–40 ಸೈಟಿತ್ತು. ಕಾನೂನಿನಲ್ಲಿ ಅದರ ಮೇಲೆ ಇವಳಿಗೆ ಪಾಲಿಲ್ಲ. ಆದರೆ ಕೊಡುವ ಶಕ್ತಿ ಎಷ್ಟಿದೆ ಅಂತ ನೋಡುವಾಗ ಸೈಟನ್ನು ಬಿಟ್ಟು ನೋಡಲು ಆಗುವುದಿಲ್ಲ. ಅದನ್ನು 24 ಲಕ್ಷಕ್ಕೆ ಮಾರಿ, ಉಳಿದ 11 ಲಕ್ಷವನ್ನು ಫ್ಲ್ಯಾಟಿನ ಮೇಲೇ ಹೆಚ್ಚುವರಿ ಸಾಲ ತೆಗೆದು ಕೊಟ್ಟರು.

ಚಿನ್ನದ ದಿನವನ್ನು ನಾನು ಮರೆಯುವುದಿಲ್ಲ. ಮದುವೆಯಲ್ಲಿ ಹಾಕಿದ ಒಡವೆ ಅತ್ತೆ ಸೊಸೆ ಇಬ್ಬರ ಹೆಸರಿನ ಲಾಕರಿನಲ್ಲಿತ್ತು. ಸ್ತ್ರೀಧನ ಹೆಂಡತಿಯದೇ, ಗಂಡನ ಮನೆಯವರ ಹತ್ತಿರ ಇದ್ದರೆ ಅದು ಇಟ್ಟುಕೊಳ್ಳಲು ಕೊಟ್ಟ ವಸ್ತು ಮಾತ್ರ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಚಿಕ್ಕಮ್ಮ ಮದುವೆ ಖರ್ಚಿನ ನೋಟ್‌ಬುಕ್ ಮತ್ತು ಮದುವೆ ಆಲ್ಬಂ ಎರಡನ್ನೂ ತಂದಿದ್ದರು. ಬ್ಯಾಂಕಿನ ಸಣ್ಣ ಕೋಣೆಯಲ್ಲಿ ಒಂದೊಂದೇ ಡಬ್ಬಿ ತೆರೆದು ನೋಟ್‌ಬುಕ್ಕಿನ ಜೊತೆ ಟಿಕ್ ಹಾಕುತ್ತಾ ಹೋದೆವು. ಉದ್ದ ಸರ, ಎರಡು ಜೊತೆ ಬಳೆ, ಜುಮುಕಿ. ಒಂದು ಅವಲಕ್ಕಿ ಸರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅದು ಅವಳ ಅತ್ತೆ, ತಮ್ಮ ಅಮ್ಮನಿಂದ ಬಂದದ್ದನ್ನು ಧಾರೆಯ ದಿನ ಸೊಸೆಗೆ ಹಾಕಿದ್ದು. ಮದುವೆಯಲ್ಲಿ ಗಂಡಿನ ಕಡೆಯವರು ಹಾಕಿದ್ದೂ ಸ್ತ್ರೀಧನವೇ. ಆದರೂ ತಂಗಿ ಅದನ್ನು ತೆಗೆದು ಅತ್ತೆಯ ಕೈಯಲ್ಲಿಟ್ಟಳು. ಆ ಹಿರಿಯ ಹೆಂಗಸು ಮಾತಾಡಲಿಲ್ಲ. ಇನ್ನೊಂದು ಡಬ್ಬಿಯಿಂದ ಮೊಮ್ಮಗಳ ನಾಮಕರಣದ ಸರ, ಬೆಳ್ಳಿ ಉಡಿದಾರ, ಗೆಜ್ಜೆ ತೆಗೆದು, “ಇವು ಅವಳವು, ಬೇರೆ ಕಟ್ಟಿಡಮ್ಮ” ಅಂದರು.

ತೋಟದ ಷರತ್ತು

ಎಲ್ಲ ಮುಗಿಯಿತು ಅಂದುಕೊಂಡಾಗ ಒಪ್ಪಂದದ ಕರಡಿನಲ್ಲಿ ಒಂದು ಸಾಲು ಕಾಣಿಸಿತು. “ಹೆಂಡತಿ ಮತ್ತು ಮಗಳಿಗೆ ಗಂಡನ ಕುಟುಂಬದ ಯಾವುದೇ ಆಸ್ತಿಯಲ್ಲಿ ಇನ್ನು ಮುಂದೆ ಹಕ್ಕು ಇರುವುದಿಲ್ಲ.” ಅರಸೀಕೆರೆ ಹತ್ತಿರ ಮೂರೂವರೆ ಎಕರೆ ತೆಂಗಿನ ತೋಟ. ಮುತ್ತಾತನ ಕಾಲದ್ದು, ಇನ್ನೂ ಭಾಗ ಆಗಿಲ್ಲ. ಅವರ ಅಪ್ಪನಿಗೆ ತೋಟ ಕೈತಪ್ಪೀತು ಅನ್ನುವ ಭಯ. ತಂಗಿಗೆ ಆ ತೋಟ ಬೇಡವೇ ಬೇಡ, ಸಹಿ ಹಾಕಲು ಪೆನ್ನು ಎತ್ತಿದ್ದಳು.

ಅವಳ ವಕೀಲರು ಕೈ ಹಿಡಿದು ನಿಲ್ಲಿಸಿದರು. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಸೊಸೆಗೆ ಹಕ್ಕಿಲ್ಲ, ಸರಿ. ಮಗಳಿಗೆ ಹುಟ್ಟಿನಿಂದಲೇ ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಬಂತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಅಪ್ಪ ಅಮ್ಮ ಬೇರೆ ಆದರೆ ಆ ಹಕ್ಕು ಹೋಗುವುದಿಲ್ಲ. ಒಂಬತ್ತು ವರ್ಷದ ಮಗುವಿನ ಹಕ್ಕನ್ನು ಅಮ್ಮ ತನ್ನ ವಿಚ್ಛೇದನದ ಒಪ್ಪಂದದಲ್ಲಿ ಬಿಟ್ಟುಕೊಡಲು ಬರುವುದೂ ಇಲ್ಲ. “ನಿನಗೆ ಬೇಡದೆ ಇರಬಹುದು ಕಣಮ್ಮ, ಅದು ನಿಂದಲ್ಲ” ಅಂದರು ವಕೀಲರು. ಸಾಲು ಬದಲಾಯಿತು: ಹೆಂಡತಿ ತನಗಾಗಿ ಏನೂ ಕೇಳುವುದಿಲ್ಲ, ಮಗಳಿಗೆ ಕಾನೂನಿನಲ್ಲಿರುವ ಹಕ್ಕಿಗೆ ಈ ಒಪ್ಪಂದದಿಂದ ಧಕ್ಕೆ ಇಲ್ಲ. ಅವರ ಅಪ್ಪನನ್ನು ಒಪ್ಪಿಸಲು ಅವರೇ ಊರಿಗೆ ಹೋಗಿ ಬಂದರು.

ಮಗು ಅಮ್ಮನ ಹತ್ತಿರ, ಎರಡು ವಾರಕ್ಕೊಮ್ಮೆ ಶನಿವಾರ ಭಾನುವಾರ ಅಪ್ಪನ ಹತ್ತಿರ, ರಜೆಯಲ್ಲಿ ಅರ್ಧ ಅರ್ಧ. ಇದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ದುಡ್ಡು ತಡವಾಯಿತು ಅಂತ ಮಗುವನ್ನು ಕಳಿಸದೆ ಇರುವಂತಿಲ್ಲ, ಮಗು ಬರಲಿಲ್ಲ ಅಂತ ದುಡ್ಡು ನಿಲ್ಲಿಸುವಂತಿಲ್ಲ ಅಂತ ಮಾತ್ರ ಸೇರಿಸಿದೆವು.

2024ರ ಜುಲೈನಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಇಬ್ಬರೂ ಒಪ್ಪಿ, ಸೇರಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಹದಿನೆಂಟು ತಿಂಗಳು ಬೇರೆ ಇದ್ದು, ಎಲ್ಲ ಇತ್ಯರ್ಥ ಆಗಿದ್ದರೆ ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆ ಬಿಟ್ಟುಬಿಡಿ ಅಂತ ಕೇಳಬಹುದು, 2017ರ ತೀರ್ಪಿನ ನಂತರ ಕೋರ್ಟುಗಳು ಅದನ್ನು ಒಪ್ಪುತ್ತವೆ. ನಾವು ಕೇಳಲಿಲ್ಲ. ಸೈಟು ಮಾರಲು, ಬ್ಯಾಂಕಿನ ಕಾಗದ ಸರಿ ಮಾಡಲು ಆ ಆರು ತಿಂಗಳು ಬೇಕಿತ್ತು. ಕೋರ್ಟು ಡಿಕ್ರಿ ಕೊಟ್ಟ ಮಾತ್ರಕ್ಕೆ ಬ್ಯಾಂಕು ಸಾಲದಿಂದ ಯಾರ ಹೆಸರನ್ನೂ ತೆಗೆಯುವುದಿಲ್ಲ. ಅವರು ನಾಳೆ ಕಂತು ಕಟ್ಟದಿದ್ದರೆ ಬ್ಯಾಂಕು ಇವಳ ಬಾಗಿಲಿಗೂ ಬರುತ್ತದೆ. ಹಾಗಾಗಿ ಸಾಲ ಪೂರ್ತಿ ಅವರೊಬ್ಬರ ಹೆಸರಿಗೆ ಆಗುತ್ತದೆ ಅನ್ನುವ ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಇವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿಲ್ಲ. ಅರ್ಜಿಯ ದಿನ 10 ಲಕ್ಷ ಬಂದಿತ್ತು. ಉಳಿದ 25 ಲಕ್ಷದ ಬ್ಯಾಂಕ್ ಡಿಡಿ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೈ ಬದಲಾಯಿಸಿತು, ಆಮೇಲೆ ಹೆಬ್ಬೆಟ್ಟು, ಫೋಟೊ. ಡಿಕ್ರಿಗೆ ಎರಡು ದಿನ ಮುಂಚೆ, ಇನ್ನೂ ಗಂಡ ಹೆಂಡತಿ ಆಗಿರುವಾಗಲೇ ಇದನ್ನು ಮಾಡಿದ್ದಕ್ಕೆ ಕಾರಣ ಇತ್ತು. ಕುಟುಂಬದ ಒಳಗಿನ ಪತ್ರಕ್ಕೂ ಹೊರಗಿನವರ ಪತ್ರಕ್ಕೂ ಮುದ್ರಾಂಕ ಶುಲ್ಕ ಬೇರೆ ಬೇರೆ.

ಡಿಕ್ರಿ ಬಂದದ್ದು 2025ರ ಜನವರಿಯಲ್ಲಿ.

ಒಂದು ಕಡೆ ನಾವು ಎಡವಿದೆವು. “ಶಾಲೆ ಫೀ” ಅಂತ ಬರೆದೆವೇ ಹೊರತು ಅದರಲ್ಲಿ ಏನೇನು ಸೇರುತ್ತದೆ ಅಂತ ಬಿಡಿಸಿ ಬರೆಯಲಿಲ್ಲ. ಹೊಸ ವರ್ಷಕ್ಕೆ ಶಾಲೆಯವರು ಚಟುವಟಿಕೆ ಶುಲ್ಕ ಅಂತ 18 ಸಾವಿರದ ಬೇರೆ ರಸೀದಿ ಕೊಟ್ಟರು. ಅದು ಫೀಯೇ ಅಲ್ಲವೇ ಅಂತ ಎರಡು ವಾರ ಮೆಸೇಜುಗಳು ಓಡಾಡಿದವು. ಕೊನೆಗೆ ತಂಗಿ ಹಳೆಯ ಹಾಳೆಯ ಫೋಟೊ ತೆಗೆದು ಕಳಿಸಿದಳು, ಕೆಳಗೆ “3:1” ಅಂತ ಮಾತ್ರ ಬರೆದು. ಅವರು 13,500 ಹಾಕಿದರು.

ಜೂನ್ 5ರಂದು ನಾವು ಶಾಲೆ ಶೂ ಕೊಳ್ಳಲು ಗಾಂಧಿ ಬಜಾರಿನಲ್ಲಿದ್ದೆವು. ತಂಗಿಯ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಅವಳು ನೋಡಿ ನನ್ನ ಕೈಗೆ ಕೊಟ್ಟಳು. 10,700 ರೂಪಾಯಿ. ಯಾರೂ ನೆನಪಿಸಿರಲಿಲ್ಲ.